ವೆಂಡರ್ ಶೀಟಿನ ಎಲ್ಲ ಪ್ರಶ್ನೆಗೂ ‘ಯೆಸ್’ ಬರೆಯಬೇಕೇ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಮಷಿನ್ ಶಾಪ್ ಇದೆ. ಸುಮಾರು 40 ಜನ ಕೆಲಸಗಾರರು, ಎಂಟು ಸಿಎನ್‌ಸಿ ಮಷಿನ್. ಪುಣೆಯ ವಾಹನ ಬಿಡಿಭಾಗಗಳ ಕಂಪನಿಯೊಂದಕ್ಕೆ ಹಲವು ವರ್ಷಗಳಿಂದ ಮಾಲು ಕೊಡುತ್ತಿದ್ದೇವೆ. ಅವರು ಅದನ್ನು ಜೋಡಿಸಿ ಜರ್ಮನಿಗೆ ಕಳಿಸುತ್ತಾರೆ. ಈಗ ಅವರು ಸೈಬರ್ ಸೆಕ್ಯುರಿಟಿ ಬಗ್ಗೆ 164 ಪ್ರಶ್ನೆಗಳ ಎಕ್ಸೆಲ್ ಶೀಟ್ ಕಳಿಸಿ ಮೂರು ವಾರದೊಳಗೆ ತುಂಬಿ ಕೊಡಿ ಎಂದಿದ್ದಾರೆ. ಜೊತೆಗೆ ಹೊಸ ಒಪ್ಪಂದದ ಕರಡೂ ಬಂದಿದೆ. ಏನಾದರೂ ತೊಂದರೆಯಾದರೆ 24 ಗಂಟೆಯೊಳಗೆ ತಿಳಿಸಬೇಕು, ಅವರು ಯಾವಾಗ ಬೇಕಾದರೂ ಬಂದು ಪರಿಶೀಲಿಸಬಹುದು, ಆಗುವ ನಷ್ಟವೆಲ್ಲ ನಮ್ಮದು ಎಂದು ಅದರಲ್ಲಿದೆ. ಒಬ್ಬ ಕನ್ಸಲ್ಟೆಂಟ್ ಬಂದು, ‘ಎಲ್ಲದಕ್ಕೂ ಯೆಸ್ ಬರೆದುಬಿಡಿ, ಪಾಲಿಸಿ ಕಾಗದಗಳನ್ನು ನಾನು ಮಾಡಿಕೊಡುತ್ತೇನೆ, ಸರ್ಟಿಫಿಕೇಟೂ ಕೊಡಿಸುತ್ತೇನೆ’ ಎನ್ನುತ್ತಿದ್ದಾರೆ. ನಾವು ಲೋಹ ಕೊರೆಯುವವರು. ನಮ್ಮಲ್ಲಿ ಕದಿಯುವಂಥದ್ದು ಏನಿದೆ? ಈ ಶೀಟಿಗೆ ಏನು ಬರೆಯಲಿ? ಖರ್ಚೆಷ್ಟು ಬರಬಹುದು?

ಉತ್ತರ: ಎಲ್ಲದಕ್ಕೂ ‘ಯೆಸ್’ ಬರೆಯಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮೂರು ವಾರದ ಗಡುವಿನ ಒತ್ತಡದಲ್ಲಿ ಬಹಳಷ್ಟು ಮಂದಿ ಮಾಡುವುದು ಅದನ್ನೇ. ದೊಡ್ಡ ಕಂಪನಿಗಳ ಪರವಾಗಿ ಅವರ ಸರಬರಾಜುದಾರರ ಭದ್ರತೆಯನ್ನು ಪರಿಶೀಲಿಸುವುದು ನನ್ನ ಕೆಲಸ. ನೀವು ತುಂಬುವ ಇಂಥ ಶೀಟನ್ನು ಆಚೆ ಬದಿಯಲ್ಲಿ ಕೂತು ಓದುವವನು ನಾನು. ಓದುವವರು ಅದರಲ್ಲಿ ಏನನ್ನು ಹುಡುಕುತ್ತಾರೆ ಎಂಬುದು ಗೊತ್ತಾದರೆ ನಿಮ್ಮ ಅರ್ಧ ಆತಂಕ ಕಡಿಮೆಯಾಗುತ್ತದೆ.

ನಿಮ್ಮಲ್ಲಿ ಕದಿಯುವಂಥದ್ದು ಏನಿದೆ ಎಂಬ ಪ್ರಶ್ನೆಗೆ ನಿಮ್ಮ ಧಂದೆಯದೇ ಒಂದು ಉದಾಹರಣೆ ಇದೆ. 2022ರ ಫೆಬ್ರುವರಿ ಕೊನೆಯಲ್ಲಿ ಜಪಾನಿನ ಕೋಜಿಮಾ ಎಂಬ ಕಂಪನಿಯ ಸರ್ವರ್‌ಗಳಿಗೆ ರಾನ್ಸಮ್‌ವೇರ್, ಅಂದರೆ ಫೈಲುಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ ವೈರಸ್, ಹೊಕ್ಕಿತು. ಕಾರುಗಳಿಗೆ ಪ್ಲಾಸ್ಟಿಕ್ ಭಾಗಗಳನ್ನು ಮಾಡಿಕೊಡುವ ಸಂಸ್ಥೆ ಅದು. ಮಾರ್ಚ್ 1ರಂದು ಟೊಯೋಟಾ ಜಪಾನಿನಲ್ಲಿರುವ ತನ್ನ 14 ಕಾರ್ಖಾನೆಗಳ 28 ಲೈನುಗಳನ್ನು ನಿಲ್ಲಿಸಬೇಕಾಯಿತು. ಒಂದು ದಿನಕ್ಕೆ ಸುಮಾರು 13,000 ವಾಹನಗಳ ಉತ್ಪಾದನೆ ತಪ್ಪಿತು. ಟೊಯೋಟಾದ ಸ್ವಂತ ಕಾರ್ಖಾನೆಗಳ ಮೇಲೆ ಯಾರೂ ದಾಳಿ ಮಾಡಿರಲಿಲ್ಲ. ಯಾವ ಭಾಗ ಎಷ್ಟು ಬೇಕು, ಎಂದು ಬರುತ್ತದೆ ಎಂದು ಎರಡೂ ಕಡೆಯವರು ಮಾತಾಡಿಕೊಳ್ಳುವ ವ್ಯವಸ್ಥೆ ನಿಂತುಹೋಯಿತು, ಅಷ್ಟೇ. ಸ್ಟಾಕ್ ಇಟ್ಟುಕೊಳ್ಳದೆ ಆಯಾ ದಿನದ ಮಾಲು ಆಯಾ ದಿನ ತರಿಸಿಕೊಳ್ಳುವ ಕಾರ್ಖಾನೆಗೆ ಅಷ್ಟೇ ಸಾಕು. ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ದಾಳಿಕೋರರು ಕೋಜಿಮಾಕ್ಕೂ ನೇರವಾಗಿ ಬಂದಿರಲಿಲ್ಲ. ಅದರ ಅಂಗಸಂಸ್ಥೆಯೊಂದು ಹೊರಗಿನವರ ಸಂಪರ್ಕಕ್ಕೆಂದು ಇಟ್ಟಿದ್ದ ರಿಮೋಟ್ ಉಪಕರಣದ ದೋಷವೇ ಅವರಿಗೆ ದಾರಿಯಾಗಿತ್ತು.

ಇದು ಜಪಾನಿನ ಮಾತಾಯಿತು. ನಮ್ಮಲ್ಲೇ 2024ರ ಜುಲೈ 31ರಂದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಸಿ-ಎಡ್ಜ್ ಟೆಕ್ನಾಲಜೀಸ್ ಎಂಬ ಕಂಪನಿಯನ್ನು ತನ್ನ ಪಾವತಿ ಜಾಲದಿಂದ ತಾತ್ಕಾಲಿಕವಾಗಿ ಬೇರ್ಪಡಿಸಿತು. ಸಹಕಾರಿ ಬ್ಯಾಂಕು, ಗ್ರಾಮೀಣ ಬ್ಯಾಂಕುಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಕಂಪನಿ ಅದು. ಅಲ್ಲಿಗೆ ರಾನ್ಸಮ್‌ವೇರ್ ಬಂದಿತ್ತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ನಿಂತಿತು. ಆ ಬ್ಯಾಂಕುಗಳು ತಪ್ಪು ಮಾಡಿರಲಿಲ್ಲ. ಅವರಿಗೆ ಸೇವೆ ಕೊಡುವವರು ಬಿದ್ದರು, ಇವರೂ ಬಿದ್ದರು. ಇನ್ನೂ ಹಿಂದಕ್ಕೆ ಹೋದರೆ 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ವಿವರ ಕದ್ದವರು ಮೊದಲು ಕದ್ದದ್ದು ಆ ಮಳಿಗೆಗಳಿಗೆ ಏಸಿ, ಕೂಲಿಂಗ್ ಕೆಲಸ ಮಾಡುತ್ತಿದ್ದ ಗುತ್ತಿಗೆದಾರರ ಪಾಸ್‌ವರ್ಡನ್ನು. ಬಿಲ್ ಸಲ್ಲಿಸಲೆಂದು ಕೊಟ್ಟಿದ್ದ ಪಾಸ್‌ವರ್ಡ್ ಅದು.

ನಿಮ್ಮ ಶಾಪಿನಲ್ಲಿ ಎಷ್ಟು ಬೆಲೆಬಾಳುವ ಮಾಹಿತಿ ಇದೆ ಎನ್ನುವುದಕ್ಕಿಂತ ನೀವು ಯಾರ ಜೊತೆ ಜೋಡಿಕೊಂಡಿದ್ದೀರಿ ಎನ್ನುವುದೇ ಹಾಗಾಗಿ ಮುಖ್ಯವಾಗುತ್ತದೆ. ಪುಣೆಯವರು ಕೇಳುತ್ತಿರುವುದರ ತಿರುಳು ಎರಡೇ. ನಿಮ್ಮ ಮೂಲಕ ನಮ್ಮಲ್ಲಿಗೆ ಯಾವ ಯಾವ ದಾರಿಯಲ್ಲಿ ಕೇಡು ಬರಬಹುದು? ಬಂದರೆ ನಮಗೆ ಬೇಗ ಹೇಳುತ್ತೀರಾ? 164 ಪ್ರಶ್ನೆಗಳನ್ನೂ ಈ ಎರಡರ ಬೆಳಕಿನಲ್ಲಿ ಓದಿ. ಮುಕ್ಕಾಲು ಪಾಲು ಪ್ರಶ್ನೆಗಳಿಗೆ ಹೇಗೆ ಉತ್ತರಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಈಗಲೇ ಏಕೆ ಕೇಳುತ್ತಿದ್ದಾರೆ ಎಂದರೆ, ಅವರ ಮೇಲೂ ಅದೇ ಒತ್ತಡವಿದೆ. ಯುರೋಪಿನ ಎನ್‌ಐಎಸ್-2 ಎಂಬ ನಿರ್ದೇಶನ ದೊಡ್ಡ ಕಂಪನಿಗಳು ತಮ್ಮ ಸರಬರಾಜು ಸರಪಳಿಯ ಭದ್ರತೆಗೂ ಹೊಣೆ ಹೊರಬೇಕು ಎನ್ನುತ್ತದೆ. ಜರ್ಮನಿಯ ವಾಹನ ಉದ್ಯಮ ಮಾಹಿತಿ ಭದ್ರತೆಗೆ ಟಿಸಾಕ್ಸ್ ಎಂಬ ತನ್ನದೇ ಮೌಲ್ಯಮಾಪನವನ್ನು ಬಹಳ ಹಿಂದೆಯೇ ತಂದಿದೆ. ನಮ್ಮಲ್ಲಿ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಹೊರಗುತ್ತಿಗೆ ಕುರಿತು ನಿರ್ದೇಶನ ಹೊರಡಿಸಿ, ಕೆಲಸ ಹೊರಗೆ ಕೊಟ್ಟರೂ ಹೊಣೆ ಬ್ಯಾಂಕಿನದೇ ಎಂದು ಸ್ಪಷ್ಟಪಡಿಸಿತು. ಜರ್ಮನಿಯವರು ಪುಣೆಯವರನ್ನು ಕೇಳುತ್ತಾರೆ, ಪುಣೆಯವರು ನಿಮ್ಮನ್ನು ಕೇಳುತ್ತಾರೆ. ಮುಂದೆ ನೀವು ನಿಮ್ಮ ಪ್ಲೇಟಿಂಗ್‌ನವರನ್ನೂ ಹೀಟ್ ಟ್ರೀಟ್‌ಮೆಂಟ್‌ನವರನ್ನೂ ಕೇಳಬೇಕಾಗುತ್ತದೆ.

ನಿಮ್ಮಂಥ ಶಾಪುಗಳಲ್ಲಿ ಅಪಾಯ ಒಳಬರುವ ದಾರಿಗಳು ಬಹಳವಿಲ್ಲ. ಒಂದೊಂದಾಗಿ ನೋಡೋಣ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇಮೇಲ್. ವೈರಸ್ ಬರುತ್ತದೆ ಎಂಬುದೊಂದೇ ಕಾರಣವಲ್ಲ. ನಿಮ್ಮ ಅಕೌಂಟೆಂಟ್ ಇಮೇಲಿನ ಪಾಸ್‌ವರ್ಡ್ ಯಾರ ಕೈಗೋ ಸಿಕ್ಕಿತು ಎಂದುಕೊಳ್ಳಿ. ಅವರು ಕೂಡಲೇ ಏನೂ ಮಾಡುವುದಿಲ್ಲ. ವಾರಗಟ್ಟಲೆ ಸುಮ್ಮನೆ ಓದುತ್ತಾರೆ. ಯಾವ ಬಿಲ್ ಬಾಕಿ ಇದೆ, ಯಾರು ಮಂಜೂರು ಮಾಡುತ್ತಾರೆ, ನೀವು ಪತ್ರ ಬರೆಯುವ ಧಾಟಿ ಹೇಗೆ ಎಂಬುದನ್ನೆಲ್ಲ ತಿಳಿದುಕೊಳ್ಳುತ್ತಾರೆ. ದೊಡ್ಡ ಬಿಲ್ ಪಾವತಿಯಾಗುವ ಹೊತ್ತಿಗೆ ನಿಮ್ಮ ಹೆಸರಿನಲ್ಲೇ ಪುಣೆಗೆ ಒಂದು ಮೇಲ್ ಹೋಗುತ್ತದೆ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಹಣವನ್ನು ಹೊಸ ಖಾತೆಗೆ ಹಾಕಿ.’ ಲೆಟರ್‌ಹೆಡ್ ನಿಮ್ಮದು, ಸಹಿ ನಿಮ್ಮದು, ಪಿಒ (ಖರೀದಿ ಆರ್ಡರ್) ನಂಬರ್ ಸರಿಯಾಗಿದೆ. ಹಣ ಹೋಗುತ್ತದೆ. ಆಮೇಲೆ ‘ನಾವು ಕೊಟ್ಟಾಯಿತು’ ಎಂದು ಅವರು, ‘ನಮಗೆ ಬಂದಿಲ್ಲ’ ಎಂದು ನೀವು. ಎಷ್ಟೋ ವರ್ಷಗಳ ವ್ಯವಹಾರ ಅಲ್ಲಿಗೆ ಹಳಸುತ್ತದೆ.

ಇಂಥ ಮೋಸಕ್ಕೆ ಸಣ್ಣವರು ಮಾತ್ರ ಬೀಳುತ್ತಾರೆ ಎಂದು ತಿಳಿಯಬೇಡಿ. 2013ರಿಂದ 2015ರ ನಡುವೆ ಲಿಥುವೇನಿಯಾದ ಎವಾಲ್ಡಾಸ್ ರಿಮಾಸೌಸ್ಕಾಸ್ ಎಂಬಾತ ತೈವಾನಿನ ಕ್ವಾಂಟಾ ಕಂಪ್ಯೂಟರ್ ಎಂಬ ಸರಬರಾಜು ಕಂಪನಿಯ ಹೆಸರಿನಲ್ಲಿ ನಕಲಿ ಬಿಲ್ಲುಗಳನ್ನು ಕಳಿಸಿ ಗೂಗಲ್ ಮತ್ತು ಫೇಸ್‌ಬುಕ್‌ಗಳಿಂದ 10 ಕೋಟಿ ಡಾಲರಿಗೂ ಹೆಚ್ಚು ಹಣ ಕಿತ್ತಿದ್ದ. 2019ರಲ್ಲಿ ಅವನಿಗೆ ಅಮೆರಿಕದ ನ್ಯಾಯಾಲಯ ಐದು ವರ್ಷ ಶಿಕ್ಷೆ ವಿಧಿಸಿತು.

ಇದಕ್ಕೆ ಮದ್ದು ಅಗ್ಗದ್ದು. ಪ್ರತಿಯೊಂದು ಇಮೇಲ್ ಖಾತೆಗೂ ಎರಡು ಹಂತದ ದೃಢೀಕರಣ ಹಾಕಿ, ಅಂದರೆ ಪಾಸ್‌ವರ್ಡಿನ ಜೊತೆಗೆ ಫೋನಿನ ಆ್ಯಪ್‌ನಲ್ಲಿ ಬರುವ ಕೋಡ್ ಕೂಡ ಬೇಕಾಗುವಂತೆ ಮಾಡಿ. ಕಂಪನಿಯ ಪತ್ರವ್ಯವಹಾರವನ್ನು ಉಚಿತ ಜಿಮೇಲ್ ವಿಳಾಸದಲ್ಲಿ ನಡೆಸುತ್ತಿದ್ದರೆ ಸ್ವಂತ ಡೊಮೈನ್ ತೆಗೆದುಕೊಳ್ಳಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವ್ಯವಸ್ಥೆಗಳನ್ನು ಹಾಕಿಕೊಡಲು ಮೇಲ್ ಸೇವೆಯವರಿಗೆ ಹೇಳಿ. ಬೇರೆಯವರು ನಿಮ್ಮ ವಿಳಾಸವನ್ನೇ ನಕಲು ಮಾಡಿ ಮೇಲ್ ಕಳಿಸುವುದು ಆಗ ಕಷ್ಟವಾಗುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಪುಣೆಯವರ ಅಕೌಂಟ್ಸ್ ವಿಭಾಗಕ್ಕೆ ಈಗಲೇ ಒಂದು ಪತ್ರ ಬರೆಯಿರಿ: ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ ಎಂಬ ಯಾವುದೇ ಮೇಲ್ ಬಂದರೆ, ನಿಮ್ಮಲ್ಲಿ ಈಗಾಗಲೇ ಇರುವ ನಮ್ಮ ನಂಬರಿಗೆ ಫೋನ್ ಮಾಡಿ ಮಾತಾಡದೆ ಬದಲಿಸಬೇಡಿ.’ ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗೆ ಫೋನ್ ಮಾಡಿದರೆ ಪ್ರಯೋಜನವಿಲ್ಲ, ಅದನ್ನು ಎತ್ತುವವನು ಮೋಸಗಾರನೇ ಆಗಿರುತ್ತಾನೆ. ನಿಮಗೆ ಬಾರ್ ಸ್ಟಾಕ್, ಟೂಲ್ಸ್ ಕೊಡುವವರ ವಿಷಯದಲ್ಲೂ ಇದೇ ನಿಯಮ ಇಟ್ಟುಕೊಳ್ಳಿ.

ಎರಡನೆಯದು ಕಸ್ಟಮರ್ ಪೋರ್ಟಲ್. ಪಿಒ ನೋಡಲು, ಡಿಸ್ಪ್ಯಾಚ್ ವಿವರ ಹಾಕಲು ಅವರು ನಿಮಗೊಂದು ಲಾಗಿನ್ ಕೊಟ್ಟಿರುತ್ತಾರೆ. ಬಹಳ ಕಡೆ ಅದೊಂದನ್ನೇ ಮೂರು ನಾಲ್ಕು ಜನ ಬಳಸುತ್ತಾರೆ, ಪಾಸ್‌ವರ್ಡ್ ಮಾನಿಟರಿನ ಕೆಳಗೆ ಅಂಟಿಸಿರುತ್ತದೆ, ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿರುತ್ತದೆ. ಟಾರ್ಗೆಟ್ ಪ್ರಕರಣ ಶುರುವಾದದ್ದು ಇಂಥದೇ ಲಾಗಿನ್‌ನಿಂದ. ಒಬ್ಬೊಬ್ಬರಿಗೆ ಒಂದೊಂದು ಲಾಗಿನ್ ಕೇಳಿ ಪಡೆಯಿರಿ. ಯಾರಾದರೂ ಕೆಲಸ ಬಿಟ್ಟ ದಿನವೇ ಕಸ್ಟಮರಿಗೆ ತಿಳಿಸಿ ಅವರದನ್ನು ತೆಗೆಸಿ.

ಮೂರನೆಯದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಶಾಪುಗಳಿಗೆ ಹೋದಾಗ ನಾನು ಮೊದಲು ನೋಡುವುದು ಇದನ್ನೇ: ಹೊರಗಿನಿಂದ ಒಳಗೆ ಬರುವ ರಿಮೋಟ್ ಸಂಪರ್ಕ. ಮಾಲೀಕರು ರಾತ್ರಿ ಮನೆಯಿಂದ ಟ್ಯಾಲಿ ನೋಡಬೇಕು ಎಂದಾಗ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ ರೌಟರಿನಲ್ಲಿ ಒಂದು ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದು ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಟ್ಟಿರುತ್ತಾನೆ. ಕೆಲಸ ಚೆನ್ನಾಗಿ ನಡೆಯುತ್ತದೆ, ಎಲ್ಲರೂ ಮರೆಯುತ್ತಾರೆ. ಇಂಟರ್ನೆಟ್ಟಿಗೆ ಹೀಗೆ ತೆರೆದಿಟ್ಟ ಕಂಪ್ಯೂಟರುಗಳನ್ನು ಹಗಲೂ ರಾತ್ರಿ ಹುಡುಕಿ, ಪಾಸ್‌ವರ್ಡುಗಳನ್ನು ಒಂದರ ಹಿಂದೊಂದು ಪ್ರಯತ್ನಿಸುವ ಪ್ರೋಗ್ರಾಮುಗಳಿವೆ. ಅವಕ್ಕೆ ಉದ್ಯಮಬಾಗವೂ ಒಂದೇ, ಫ್ರಾಂಕ್‌ಫರ್ಟೂ ಒಂದೇ. ರಾನ್ಸಮ್‌ವೇರ್ ದಾಳಿಗಳಲ್ಲಿ ಬಹಳಷ್ಟು ಈ ಬಾಗಿಲಿನಿಂದಲೇ ಬರುತ್ತವೆ. ಇಂದೇ ರೌಟರ್ ತೆರೆಸಿ ನೋಡಿ. ಅಂಥ ಪೋರ್ಟ್ ಇದ್ದರೆ ಮುಚ್ಚಿಸಿ. ಮನೆಯಿಂದ ನೋಡಲೇಬೇಕಾದರೆ ಎರಡು ಹಂತದ ದೃಢೀಕರಣವಿರುವ ವಿಪಿಎನ್, ಅಂದರೆ ಬೇರೆಯವರು ಓದಲಾಗದ ಖಾಸಗಿ ಸಂಪರ್ಕ, ಹಾಕಿಸಿ.

ಮಷಿನ್ ಕಂಪನಿಯ ಸರ್ವೀಸ್ ಎಂಜಿನಿಯರ್‌ಗೆಂದು ಹಾಕಿದ ಎನಿಡೆಸ್ಕ್, ಟೀಮ್‌ವ್ಯೂವರ್‌ಗಳದ್ದೂ ಇದೇ ಕಥೆ. ಯಾರೂ ಒಪ್ಪಿಗೆ ಕೊಡದೆಯೇ ಒಳಬರಲು ಬಿಡುವ ಸೆಟ್ಟಿಂಗ್ ಅದರಲ್ಲಿರುತ್ತದೆ, ಅದನ್ನು ತೆಗೆಸಿ. ಎಂಜಿನಿಯರ್ ಫೋನ್ ಮಾಡಿದಾಗ ಆನ್ ಮಾಡಿ, ಕೆಲಸ ಮುಗಿದ ಮೇಲೆ ಬಂದ್ ಮಾಡಿ, ಯಾರು ಯಾವಾಗ ಬಂದು ಏನು ಮಾಡಿದರು ಎಂದು ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಕಸ್ಟಮರ್ ಕಡೆಯ ಪರಿಶೀಲಕರಿಗೆ ಆ ರಿಜಿಸ್ಟರ್ ತೋರಿಸಿ. ಮೂವತ್ತು ಪುಟಗಳ ಪಾಲಿಸಿಗಿಂತ ಅದಕ್ಕೆ ಹೆಚ್ಚು ಬೆಲೆ.

ಸಿಎನ್‌ಸಿ ಮಷಿನ್‌ಗಳ ಜೊತೆ ಇರುವ ಹಳೆಯ ಕಂಪ್ಯೂಟರುಗಳ ಸಮಸ್ಯೆ ನಿಮ್ಮೊಬ್ಬರದಲ್ಲ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲೇ ಬೆಂಬಲ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸಿನ ಕಂಪ್ಯೂಟರುಗಳನ್ನು ಬದಲಿಸಬಹುದು. ಮಷಿನ್ ಕಂಟ್ರೋಲರಿನೊಳಗೆ ಕೂತಿರುವುದನ್ನು ಬದಲಿಸಲು ಹೋದರೆ ಮಷಿನ್ನೇ ನಿಲ್ಲಬಹುದು. ಅಲ್ಲಿ ಮಾಡಬೇಕಾದದ್ದು ಬೇರ್ಪಡಿಸುವ ಕೆಲಸ. ಮಷಿನ್‌ಗಳ ನೆಟ್‌ವರ್ಕ್ ಒಂದು, ಆಫೀಸಿನದು ಇನ್ನೊಂದು, ಮಷಿನ್‌ಗಳಿಗೆ ಇಂಟರ್ನೆಟ್ ಇಲ್ಲ. ಪ್ರೋಗ್ರಾಮ್ ಹಾಕಲು ಗುರುತು ಮಾಡಿಟ್ಟ ಪೆನ್‌ಡ್ರೈವ್ ಮಾತ್ರ, ಅದನ್ನೂ ಪ್ರತಿ ಸಲ ಸ್ಕ್ಯಾನ್ ಮಾಡಿಯೇ ಚುಚ್ಚಬೇಕು. ಹಾಡು ತುಂಬಿಕೊಂಡು ಬಂದ ಪೆನ್‌ಡ್ರೈವನ್ನು ಕಂಟ್ರೋಲರಿಗೆ ಚುಚ್ಚಬಾರದು ಎಂಬುದನ್ನು ಆಪರೇಟರುಗಳಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಮಷಿನ್ ಪಕ್ಕವೇ ಅಂಟಿಸಿ. ಇಂಗ್ಲಿಷಿನಲ್ಲಿ ಪಾಲಿಸಿ ಬರೆದು ಫೈಲಿನಲ್ಲಿಟ್ಟರೆ ಅದನ್ನು ಪಾಲಿಸಬೇಕಾದವರಿಗೆ ಅದು ತಲುಪುವುದೇ ಇಲ್ಲ.

ಡ್ರಾಯಿಂಗುಗಳ ಬಗ್ಗೆ ಬಹಳ ಹೇಳಬೇಕಿಲ್ಲ. ಕಸ್ಟಮರಿನ ಡ್ರಾಯಿಂಗ್ ಎಲ್ಲರ ಫೋನಿನ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದ್ದರೆ ನಿಲ್ಲಿಸಿ. ಜಾಬ್‌ವರ್ಕ್‌ಗೆ ಕಳಿಸುವಾಗ ಪೂರ್ತಿ ಡ್ರಾಯಿಂಗ್ ಕೊಡಬೇಡಿ. ಪ್ಲೇಟಿಂಗ್‌ನವರಿಗೆ ಕೋಟಿಂಗ್ ದಪ್ಪ, ಮೇಲ್ಮೈ ವಿವರ ಸಾಕು, ಕಸ್ಟಮರಿನ ಹೆಸರು, ಇಡೀ ಅಸೆಂಬ್ಲಿ ಗೊತ್ತಾಗಬೇಕಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಎಲ್ಲ ಫೈಲುಗಳೂ ಲಾಕ್ ಆಗಬಹುದು. ಆಗ ಕೈಹಿಡಿಯುವುದು ಬ್ಯಾಕಪ್. ಟ್ಯಾಲಿ ಡೇಟಾ, ಡ್ರಾಯಿಂಗು, ಸಿಎನ್‌ಸಿ ಪ್ರೋಗ್ರಾಮು, ಇನ್ಸ್‌ಪೆಕ್ಷನ್ ರಿಪೋರ್ಟು ಇವಿಷ್ಟನ್ನೂ ಎರಡು ಹಾರ್ಡ್‌ಡಿಸ್ಕುಗಳಲ್ಲಿ ಸರದಿಯಂತೆ ತೆಗೆಯಿರಿ. ಒಂದು ಯಾವಾಗಲೂ ಕಂಪ್ಯೂಟರಿನಿಂದ ಬಿಚ್ಚಿಟ್ಟಿರಬೇಕು, ಸಾಧ್ಯವಾದರೆ ಶಾಪಿನಿಂದ ಹೊರಗಿರಬೇಕು. ಸದಾ ಜೋಡಿಸಿಟ್ಟ ಹಾರ್ಡ್‌ಡಿಸ್ಕನ್ನು ರಾನ್ಸಮ್‌ವೇರ್ ಕಂಪ್ಯೂಟರಿನ ಜೊತೆಗೇ ಲಾಕ್ ಮಾಡುತ್ತದೆ. ತಿಂಗಳಿಗೊಮ್ಮೆ ಬೇರೊಂದು ಕಂಪ್ಯೂಟರಿನಲ್ಲಿ ಅದನ್ನು ತೆರೆದು, ನಿನ್ನೆಯ ಬಿಲ್ ಕಾಣುತ್ತಿದೆಯೇ ಎಂದು ನೋಡಿ. ಬ್ಯಾಕಪ್ ಇದೆ ಎಂದು ನಂಬಿದ್ದು, ಬೇಕಾದ ದಿನ ಅದು ತೆರೆಯದೆ ಇರುವುದನ್ನು ಹಲವು ಕಡೆ ಕಂಡಿದ್ದೇನೆ.

ಇನ್ನು ಶೀಟಿಗೆ ಬರೋಣ. 40 ಜನರ ಮಷಿನ್ ಶಾಪಿನಿಂದ 164ಕ್ಕೆ 164 ‘ಯೆಸ್’ ಬಂದಿದ್ದರೆ ನಾನು ಅದನ್ನು ನಂಬುವುದಿಲ್ಲ. ಓದುವವರು ಯಾರೂ ನಂಬುವುದಿಲ್ಲ. ನಿಮ್ಮಲ್ಲಿ 24 ಗಂಟೆ ಭದ್ರತೆ ಗಮನಿಸುವ ತಂಡವಿದೆಯೇ, ಪ್ರತಿ ವರ್ಷ ಪೆನೆಟ್ರೇಷನ್ ಟೆಸ್ಟ್ (ದೋಷ ಹುಡುಕಲು ಪರಿಣತರಿಂದಲೇ ಮಾಡಿಸುವ ಪರೀಕ್ಷಾ ದಾಳಿ) ಮಾಡಿಸುತ್ತೀರಾ ಎಂಬ ಪ್ರಶ್ನೆಗಳಿಗೂ ‘ಯೆಸ್’ ಇದ್ದರೆ, ಉಳಿದ ನಿಜವಾದ ‘ಯೆಸ್’ಗಳ ಬೆಲೆಯೂ ಅಲ್ಲಿಗೆ ಹೋಗುತ್ತದೆ. ಅಂಥವರನ್ನೇ ನಾವು ಮೊದಲು ಖುದ್ದಾಗಿ ನೋಡಲು ಹೋಗುವುದು. ಗೇಜ್ ಇಡದೆಯೇ ಇನ್ಸ್‌ಪೆಕ್ಷನ್ ರಿಪೋರ್ಟಿನಲ್ಲಿ ಅಳತೆ ಬರೆದರೆ ಕಸ್ಟಮರ್ ಏನು ಮಾಡುತ್ತಾರೆಂದು ನಿಮಗೆ ಚೆನ್ನಾಗಿ ಗೊತ್ತು. ಇದೂ ಹಾಗೆಯೇ. ಅಳತೆ ತಪ್ಪಿದ ಮಾಲಿಗೆ ನೀವು ಡೀವಿಯೇಷನ್ ಕೇಳುತ್ತೀರಿ: ಇಷ್ಟು ವ್ಯತ್ಯಾಸವಿದೆ, ಕಾರಣ ಇದು, ಇಂಥ ಬ್ಯಾಚಿನಿಂದ ಸರಿಪಡಿಸುತ್ತೇವೆ ಎಂದು ಬರೆದು ಒಪ್ಪಿಗೆ ಪಡೆಯುತ್ತೀರಿ. ಭದ್ರತೆಯ ಶೀಟಿಗೂ ಅದೇ ಕ್ರಮವನ್ನು ಅನುಸರಿಸಿ.

ಉದಾಹರಣೆಗೆ ‘ಎಲ್ಲ ವ್ಯವಸ್ಥೆಗಳಿಗೂ ಇತ್ತೀಚಿನ ಸೆಕ್ಯುರಿಟಿ ಅಪ್‌ಡೇಟ್ ಇದೆಯೇ?’ ಎಂಬ ಪ್ರಶ್ನೆಗೆ ಹೀಗೆ ಬರೆಯಬಹುದು: ‘ಭಾಗಶಃ. ಆಫೀಸಿನ ಕಂಪ್ಯೂಟರುಗಳಲ್ಲಿ ಇದೆ. ಮೂರು ಸಿಎನ್‌ಸಿ ಕಂಟ್ರೋಲರುಗಳಲ್ಲಿ ಹಳೆಯ ವಿಂಡೋಸ್ ಇದ್ದು, ತಯಾರಕರಿಂದ ಅಪ್‌ಡೇಟ್ ಲಭ್ಯವಿಲ್ಲ. ಅವನ್ನು ಆಫೀಸ್ ನೆಟ್‌ವರ್ಕಿನಿಂದ ಬೇರ್ಪಡಿಸಲಾಗಿದೆ, ಇಂಟರ್ನೆಟ್ ಸಂಪರ್ಕವಿಲ್ಲ.’ ‘ಎರಡು ಹಂತದ ದೃಢೀಕರಣ ಇದೆಯೇ?’ ಎಂಬುದಕ್ಕೆ ಈಗ ಇಲ್ಲದಿದ್ದರೆ, ‘ಇಲ್ಲ. ಇಂಥ ತಿಂಗಳ ಕೊನೆಯೊಳಗೆ ಎಲ್ಲ ಇಮೇಲ್ ಖಾತೆಗಳಿಗೆ ಹಾಕುತ್ತೇವೆ. ಹೊಣೆ ಇಂಥವರದು’ ಎಂದು ಬರೆಯಿರಿ. ಸಾಫ್ಟ್‌ವೇರ್ ತಯಾರಿಕೆ, ಕ್ಲೌಡ್ ಹೋಸ್ಟಿಂಗ್ ಕುರಿತ ಪ್ರಶ್ನೆಗಳಿಗೆ ‘ಅನ್ವಯಿಸದು, ನಾವು ಸಾಫ್ಟ್‌ವೇರ್ ತಯಾರಿಸುವುದಿಲ್ಲ’ ಎಂದು ಕಾರಣ ಸಹಿತ ಬರೆದರೆ ಸಾಕು. ದಿನಾಂಕವಿರುವ ‘ಇಲ್ಲ’ ಎಂಬ ಉತ್ತರಕ್ಕೆ ಯಾರಾದರೂ ಆರ್ಡರ್ ಕಿತ್ತುಕೊಳ್ಳುವುದು ಅಪರೂಪ. ಆ ದಿನಾಂಕ ಮಾತ್ರ ತಪ್ಪಬಾರದು.

ಸುಳ್ಳು ಉತ್ತರದ ಪರಿಣಾಮ ಕಸ್ಟಮರಿನ ಬಳಿಗೇ ನಿಲ್ಲುವುದೂ ಇಲ್ಲ. 2022ರಲ್ಲಿ ಅಮೆರಿಕದ ಟ್ರಾವೆಲರ್ಸ್ ಎಂಬ ವಿಮಾ ಕಂಪನಿ ಇಲಿನಾಯ್ ರಾಜ್ಯದ ಒಂದು ಎಲೆಕ್ಟ್ರಾನಿಕ್ಸ್ ತಯಾರಿಕಾ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಎರಡು ಹಂತದ ದೃಢೀಕರಣ ಬಳಸುತ್ತೇವೆ ಎಂದು ಆ ಸಂಸ್ಥೆಯವರು ವಿಮೆಯ ಅರ್ಜಿಯಲ್ಲಿ ಬರೆದಿದ್ದರು, ರಾನ್ಸಮ್‌ವೇರ್ ಬಂದ ಮೇಲೆ ನೋಡಿದರೆ ಹೇಳಿದ ಕಡೆಯೆಲ್ಲ ಅದು ಇರಲಿಲ್ಲ ಎಂಬುದು ವಿಮಾ ಕಂಪನಿಯ ದೂರು. ಕೊನೆಗೆ ಎರಡೂ ಕಡೆಯವರು ಒಪ್ಪಿ ವಿಮಾ ಪಾಲಿಸಿಯೇ ರದ್ದಾಯಿತು. ಒಪ್ಪಂದಕ್ಕೆ ಲಗತ್ತಿಸಿದ ಶೀಟಿನಲ್ಲಿ ನೀವು ಬರೆದುಕೊಟ್ಟ ಸುಳ್ಳು ಕೂಡ ನಾಳೆ ನಿಮ್ಮ ವಿರುದ್ಧದ ಮೊದಲ ಸಾಕ್ಷಿಯಾಗುತ್ತದೆ.

24 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತನ್ನು ಒಪ್ಪಿಕೊಳ್ಳಿ. ಅದು ನ್ಯಾಯವಾದದ್ದು. ‘ನಮ್ಮ ಗಮನಕ್ಕೆ ಬಂದಾಗಿನಿಂದ’ ಎಂಬ ಮಾತನ್ನು ಮಾತ್ರ ಸೇರಿಸಿ. ಕಾನೂನು ಇದಕ್ಕಿಂತ ಬಿಗಿಯಾಗಿದೆ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು, ವ್ಯವಸ್ಥೆಗಳ ಲಾಗ್‌ಗಳನ್ನು (ಯಾರು ಯಾವಾಗ ಏನು ಮಾಡಿದರೆಂಬ ದಾಖಲೆ) 180 ದಿನ ಉಳಿಸಿಕೊಳ್ಳಬೇಕು. ಸಣ್ಣ ಉದ್ದಿಮೆಗಳಿಗೆ ಸಿದ್ಧವಾಗಲು ಅದೇ ವರ್ಷದ ಸೆಪ್ಟೆಂಬರ್ 25ರವರೆಗೆ ಸಮಯ ಕೊಟ್ಟಿದ್ದರು. ಆ ಗಡುವು ಯಾವಾಗಲೋ ಮುಗಿದಿದೆ. ಹಣವೇ ಹೋಗಿದ್ದರೆ ಒಂದು ಕ್ಷಣವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಖಾತೆಯಿಂದ ಖಾತೆಗೆ ದಾಟುವ ಮುನ್ನ ಹಣವನ್ನು ತಡೆಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಬ್ಯಾಂಕಿಗೂ, ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ.

ಆ ಗಳಿಗೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ. ಅದಕ್ಕೇ ಒಂದು ಪುಟದ ಕಾಗದ ಮುದ್ರಿಸಿ ಗೋಡೆಗೆ ಹಾಕಿಡಿ. ಕಂಪ್ಯೂಟರಿನಲ್ಲಿ ಇಟ್ಟರೆ ಅದೇ ಲಾಕ್ ಆಗಿರುತ್ತದೆ. ಮೊದಲ ಸಾಲು: ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಬಂದ್ ಮಾಡಿ. ಎರಡನೆಯದು: ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ. ಇದನ್ನು ದಪ್ಪಕ್ಷರದಲ್ಲಿ ಬರೆಯಿರಿ. ರಿಪೇರಿಗೆ ಬಂದವರು ಒಳ್ಳೆಯ ಮನಸ್ಸಿನಿಂದಲೇ ಮೊದಲು ಮಾಡುವ ಕೆಲಸ ಫಾರ್ಮ್ಯಾಟ್. ಅದರೊಂದಿಗೆ ಕಳ್ಳ ಎಲ್ಲಿಂದ ಬಂದ, ಏನೇನು ನೋಡಿದ ಎಂಬ ಪುರಾವೆ ಅಳಿಸಿಹೋಗುತ್ತದೆ, ಕಸ್ಟಮರ್ ಕೇಳುವ ಮೊದಲ ಪ್ರಶ್ನೆಗೇ ನಿಮ್ಮಲ್ಲಿ ಉತ್ತರವಿರುವುದಿಲ್ಲ. ಆಮೇಲೆ ಮಾಲೀಕರು, ಕಂಪ್ಯೂಟರ್ ನೋಡಿಕೊಳ್ಳುವವರು, ಪುಣೆಯಲ್ಲಿ ಭದ್ರತೆ ನೋಡಿಕೊಳ್ಳುವವರು, ಬ್ಯಾಂಕ್ ಮ್ಯಾನೇಜರ್ ಇವರ ಫೋನ್ ನಂಬರುಗಳು. ಪುಣೆಯಲ್ಲಿ ಯಾರಿಗೆ ಹೇಳಬೇಕು ಎಂಬುದನ್ನು ಈಗಲೇ ಕೇಳಿ ಬರೆಸಿಕೊಳ್ಳಿ. ಎಲ್ಲವೂ ಖಚಿತವಾದ ಮೇಲೆ ಹೇಳೋಣ ಎಂದು ಕಾಯಬೇಡಿ. ‘ಇಂದು ಬೆಳಗ್ಗೆ ಹೀಗಾಗಿದೆ, ಹೆಚ್ಚಿನ ವಿವರ ಗೊತ್ತಿಲ್ಲ, ಸದ್ಯಕ್ಕೆ ನಮ್ಮ ಮೇಲ್‌ಗಳನ್ನು ನಂಬಬೇಡಿ’ ಎಂಬ ಎರಡು ಸಾಲಿನ ಫೋನ್ ಕರೆ ಸಾಕು. ಅವರು ನಿಮ್ಮ ಲಾಗಿನ್ ಅನ್ನು ತಾತ್ಕಾಲಿಕವಾಗಿ ಮುಚ್ಚಿದರೆ ಅವರೂ ಉಳಿಯುತ್ತಾರೆ, ನಿಮ್ಮ ಹೊಣೆಯೂ ಹಗುರಾಗುತ್ತದೆ. ಮುಚ್ಚಿಟ್ಟ ಸರಬರಾಜುದಾರರನ್ನು ಕಂಪನಿಗಳು ಕೈಬಿಟ್ಟದ್ದನ್ನು ನೋಡಿದ್ದೇನೆ. ಬೇಗ ಹೇಳಿದವರ ಜೊತೆ ಕೂತು ಸರಿಪಡಿಸಿದ್ದನ್ನೂ ನೋಡಿದ್ದೇನೆ.

ಒಪ್ಪಂದದ ಉಳಿದ ಷರತ್ತುಗಳನ್ನು ಹಾಗೆಯೇ ಒಪ್ಪಬೇಡಿ. ಪರಿಶೀಲನೆಗೆ ಬರುವ ಹಕ್ಕು ಇರಲಿ, ಆದರೆ ಮುಂಚಿತವಾಗಿ ತಿಳಿಸಿ, ಕೆಲಸದ ವೇಳೆಯಲ್ಲಿ, ವರ್ಷಕ್ಕೊಮ್ಮೆ ಅಥವಾ ಏನಾದರೂ ಘಟನೆಯಾದಾಗ ಎಂದಿರಲಿ. ನಿಮ್ಮ ಇತರ ಕಸ್ಟಮರುಗಳ ಡ್ರಾಯಿಂಗು, ದರಗಳನ್ನು ಅವರು ನೋಡುವಂತಿಲ್ಲ ಎಂಬುದನ್ನೂ ಬರೆಸಿ. ನಷ್ಟವೆಲ್ಲ ನಿಮ್ಮದು ಎಂಬ ಮಿತಿಯಿಲ್ಲದ ಷರತ್ತಿಗೆ ಸಹಿ ಹಾಕಬೇಡಿ. ಟೊಯೋಟಾದಂಥ ಒಂದು ದಿನದ ನಷ್ಟವನ್ನು 40 ಜನರ ಶಾಪು ಯಾವ ಜನ್ಮಕ್ಕೂ ತೀರಿಸಲಾರದು. ಹೊಣೆಗೆ ಒಂದು ಮಿತಿ ಕೇಳಿ, ಅವರ ಜೊತೆಗಿನ ನಿಮ್ಮ ವಾರ್ಷಿಕ ವಹಿವಾಟಿಗೆ ಅದನ್ನು ಜೋಡಿಸಿ. ಬೇಕೆಂದೇ ಮಾಡಿದ ತಪ್ಪಿಗೆ ಮಿತಿ ಬೇಡ ಎಂದು ಅವರು ಹೇಳಿದರೆ ಅದನ್ನು ಒಪ್ಪಬಹುದು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯನ್ನು ಮುಂದಿಟ್ಟು 250 ಕೋಟಿ ರೂಪಾಯಿವರೆಗಿನ ದಂಡದ ಮಾತು ಬಂದರೆ ಗಾಬರಿಯಾಗಬೇಡಿ. ಆ ಕಾಯ್ದೆ ಜನರ ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು. ಪುಣೆಯವರ ಗ್ರಾಹಕರ ಅಂಥ ಮಾಹಿತಿ ನಿಮ್ಮ ಬಳಿ ಇಲ್ಲವಾದರೆ ಆ ಷರತ್ತು ನಿಮ್ಮ ಒಪ್ಪಂದದಲ್ಲಿ ಏಕೆ ಬೇಕು ಎಂದು ಕೇಳಿ. ನಿಮ್ಮ ಕೆಲಸಗಾರರ ಆಧಾರ್, ಬ್ಯಾಂಕ್ ವಿವರಗಳನ್ನು ಜೋಪಾನ ಮಾಡುವ ಹೊಣೆ ಮಾತ್ರ ನಿಮ್ಮದೇ. ಸಹಿಗೆ ಮುನ್ನ ಇವೆಲ್ಲವನ್ನೂ ವಕೀಲರಿಗೆ ತೋರಿಸಿ.

ಅವರ ಕಡೆಯಿಂದಲೂ ಒಂದು ಮಾತು ಬರೆಸಿಕೊಳ್ಳಿ: ಅವರ ವ್ಯವಸ್ಥೆ ಕೆಟ್ಟರೆ ನಿಮಗೂ ಅಷ್ಟೇ ಬೇಗ ತಿಳಿಸಬೇಕು, ಈಗಾಗಲೇ ಒಪ್ಪಿಸಿದ ಮಾಲಿನ ಹಣ ನಿಲ್ಲಿಸಬಾರದು. 2025ರ ಆಗಸ್ಟ್ ಕೊನೆಗೆ ಬ್ರಿಟನ್ನಿನ ಜಾಗ್ವಾರ್ ಲ್ಯಾಂಡ್ ರೋವರ್ ಮೇಲೆ ಸೈಬರ್ ದಾಳಿಯಾಗಿ ವಾರಗಟ್ಟಲೆ ಉತ್ಪಾದನೆ ನಿಂತಾಗ ಮೊದಲು ಉಸಿರುಗಟ್ಟಿದ್ದು ಅದಕ್ಕೆ ಭಾಗಗಳನ್ನು ಕೊಡುವ ಸಣ್ಣ ಕಾರ್ಖಾನೆಗಳಿಗೆ. ಆರ್ಡರ್ ಇಲ್ಲ, ಹಣ ಬರುತ್ತಿಲ್ಲ, ಸಂಬಳ ಕೊಡಬೇಕು. ಬ್ರಿಟನ್ ಸರ್ಕಾರ 150 ಕೋಟಿ ಪೌಂಡ್ ಸಾಲಕ್ಕೆ ಖಾತರಿ ನಿಲ್ಲಬೇಕಾಯಿತು. ಕೇಡು ಮೇಲಿನಿಂದ ಕೆಳಕ್ಕೂ ಹರಿಯುತ್ತದೆ. ಅಂದಮೇಲೆ ಷರತ್ತುಗಳು ಒಂದೇ ಕಡೆಗೆ ಇರುವುದು ಅನ್ಯಾಯ.

ಇಂಥ ಶೀಟುಗಳನ್ನು ಕಳಿಸುವ ಕಂಪನಿಗಳವರೂ ಇದನ್ನು ಓದುತ್ತಿದ್ದರೆ ಅವರಲ್ಲೊಂದು ಬಿನ್ನಹ. ಸಾವಿರಾರು ಜನರ ಸಾಫ್ಟ್‌ವೇರ್ ಕಂಪನಿಗೂ 40 ಜನರ ಮಷಿನ್ ಶಾಪಿಗೂ ಒಂದೇ ಪಟ್ಟಿ ಕಳಿಸಿದರೆ ನಿಮಗೆ ಸಿಗುವುದು ಸುಳ್ಳು ಉತ್ತರಗಳೇ. ಯಾರಿಗೆ ನಿಮ್ಮ ಜಾಲದೊಳಗೆ ಪ್ರವೇಶವಿದೆ, ಯಾರ ಬಳಿ ಡ್ರಾಯಿಂಗ್ ಇದೆ, ಯಾರು ನಿಂತರೆ ನಿಮ್ಮ ಲೈನ್ ನಿಲ್ಲುತ್ತದೆ ಎಂದು ಮೊದಲು ವಿಂಗಡಿಸಿ. ಬ್ರಿಟನ್ನಿನ ಸೈಬರ್ ಎಸೆನ್ಷಿಯಲ್ಸ್ ಯೋಜನೆ ಐದೇ ವಿಷಯ ಕೇಳುತ್ತದೆ: ಫೈರ್‌ವಾಲ್, ಸುರಕ್ಷಿತ ಸೆಟ್ಟಿಂಗ್, ಯಾರಿಗೆ ಯಾವ ಪ್ರವೇಶ, ಮಾಲ್‌ವೇರ್ ತಡೆ, ಅಪ್‌ಡೇಟ್. ಸಣ್ಣ ಸರಬರಾಜುದಾರರಿಗೆ ಅಷ್ಟನ್ನು ಕೇಳಿ, ನಿಮ್ಮ ಭದ್ರತಾ ತಂಡದಿಂದ ಒಬ್ಬರನ್ನು ಒಂದು ದಿನ ಅವರಲ್ಲಿಗೆ ಕಳಿಸಿ ಸಹಾಯ ಮಾಡಿಸಿ.

ಖರ್ಚಿನ ವಿಷಯ. ಎರಡು ಹಂತದ ದೃಢೀಕರಣ, ಬೇರೆ ಬೇರೆ ಲಾಗಿನ್, ಪೋರ್ಟ್ ಮುಚ್ಚುವುದು, ಬ್ಯಾಂಕ್ ಖಾತೆ ಬದಲಾದರೆ ಫೋನ್ ಮಾಡುವ ನಿಯಮ, ಗೋಡೆಯ ಕಾಗದ ಇವಕ್ಕೆ ಹಣವೇ ಬೇಡ, ಮೂರು ವಾರದಲ್ಲಿ ಮುಗಿಸಬಹುದು. ಹಣ ಬೇಕಾದದ್ದು ಡೊಮೈನ್ ಇಮೇಲ್, ಹಾರ್ಡ್‌ಡಿಸ್ಕು, ಆಂಟಿವೈರಸ್ ಲೈಸೆನ್ಸು, ನೆಟ್‌ವರ್ಕ್ ಎರಡು ಮಾಡಲು ಒಂದು ಸಣ್ಣ ಫೈರ್‌ವಾಲ್ ಮತ್ತು ಅದನ್ನು ಹಾಕಿಕೊಡುವವರ ಕೂಲಿಗೆ. ದೊಡ್ಡ ಬಾಬ್ತೆಂದರೆ ವಿಂಡೋಸ್ 11 ನಡೆಯದ ಆಫೀಸ್ ಕಂಪ್ಯೂಟರುಗಳನ್ನು ಬದಲಿಸುವುದು. ಅದನ್ನು ಎರಡು ಕಂತಿನಲ್ಲಿ ಮಾಡುತ್ತೇವೆ ಎಂದು ದಿನಾಂಕ ಹಾಕಿ ಶೀಟಿನಲ್ಲಿ ಬರೆಯಿರಿ. ಪುಣೆಯವರಿಗೆ ಮೊದಲ ವಾರವೇ ಒಂದು ಮೇಲ್ ಹಾಕಿ, ಗಡುವಿನೊಳಗೆ ಶೀಟ್ ಬರುತ್ತದೆ, ಕೆಲವಕ್ಕೆ ದಿನಾಂಕ ಸಹಿತ ಯೋಜನೆ ಕೊಡುತ್ತೇವೆ ಎಂದು ತಿಳಿಸಿಡಿ.

ಕೊನೆಯದಾಗಿ ಆ ಕನ್ಸಲ್ಟೆಂಟ್ ಕೊಡಿಸುವ ಸರ್ಟಿಫಿಕೇಟು. ಟಿಸಾಕ್ಸ್ ಎಂಬುದು ಕೊಡಿಸುವ ಕಾಗದವಲ್ಲ. ಅದನ್ನು ನಡೆಸುವ ಇಎನ್ಎಕ್ಸ್ ಅಸೋಸಿಯೇಷನ್ ಮಾನ್ಯ ಮಾಡಿದ ಸಂಸ್ಥೆಯೇ ಮೌಲ್ಯಮಾಪನ ಮಾಡಬೇಕು, ಫಲಿತಾಂಶ ಅವರ ಪೋರ್ಟಲ್‌ನಲ್ಲಿ ಕಸ್ಟಮರಿಗೆ ಕಾಣಬೇಕು. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 27001 ಕೂಡ ತಿಂಗಳುಗಳ ಕೆಲಸ. ಎರಡರಲ್ಲಿ ಯಾವುದು ಬೇಕು, ಎಂದಿನೊಳಗೆ ಬೇಕು ಎಂದು ಪುಣೆಯವರು ಲಿಖಿತವಾಗಿ ಕೇಳುವವರೆಗೆ ಯಾವುದಕ್ಕೂ ಹಣ ಕಟ್ಟಬೇಡಿ. ಸಣ್ಣ ಉದ್ದಿಮೆಗಳಿಗೆಂದೇ 15 ಮೂಲ ನಿಯಂತ್ರಣಗಳ ಕೈಪಿಡಿಯನ್ನು ಸರ್ಟ್-ಇನ್ 2025ರಲ್ಲಿ ಪ್ರಕಟಿಸಿದೆ. ಅದನ್ನು ಉಚಿತವಾಗಿ ಪಡೆದು, ಅದಕ್ಕೆ ಎದುರಾಗಿ ನಿಮ್ಮ ಸ್ಥಿತಿ ಬರೆದುಕೊಳ್ಳಿ. ಹೊರಗಿನವರ ನೆರವು ಬೇಕೇ ಬೇಕು ಎಂದರೆ, ಪಾಲಿಸಿ ಫೈಲ್ ತರುವವರನ್ನು ಬಿಟ್ಟು, ಒಂದು ದಿನ ನಿಮ್ಮ ಶಾಪಿನಲ್ಲಿ ಓಡಾಡಿ, ರೌಟರ್ ತೆರೆದು, ಬ್ಯಾಕಪ್ ತೆಗೆದು ನೋಡಲು ಒಪ್ಪುವವರನ್ನು ಕರೆಯಿರಿ.